ಭಯೋತ್ಪಾದನೆಯ ಓದಿಗೊಂದು ಪದವಿ: ಹೆಸರು ಒಂದು, ವಿದ್ಯೆ ಎರಡು

ಅಮೆರಿಕದಿಂದ 2025ರಲ್ಲಿ ಬಂದ ಎರಡು ಬಗೆಯ ಸುದ್ದಿಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಫೆಬ್ರುವರಿಯಲ್ಲಿ ಅಲ್ಲಿನ ಸರ್ಕಾರ ಲ್ಯಾಟಿನ್ ಅಮೆರಿಕದ ಹಲವು ಮಾದಕವಸ್ತು ಜಾಲಗಳನ್ನು ವಿದೇಶಿ ಭಯೋತ್ಪಾದಕ ಸಂಘಟನೆಗಳ ಪಟ್ಟಿಗೆ ಸೇರಿಸಿತು. ಏಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ ಕನ್ನಡಿಗರೂ ಸೇರಿದಂತೆ 26 ಮಂದಿಯ ಹತ್ಯೆಯಾದ ಬಳಿಕ, ಜುಲೈನಲ್ಲಿ, ಆ ದಾಳಿಯೊಂದಿಗೆ ಹೆಸರು ಕೇಳಿಬಂದ ದಿ ರೆಸಿಸ್ಟೆನ್ಸ್ ಫ್ರಂಟ್ ಎಂಬ ಗುಂಪು ಕೂಡ ಅದೇ ಪಟ್ಟಿ ಸೇರಿತು. ಸೆಪ್ಟೆಂಬರ್‌ನಲ್ಲಿ ಆಂಟಿಫಾ ಎಂಬ ಎಡಪಂಥೀಯ ಚಳವಳಿಯನ್ನು ದೇಶದೊಳಗಿನ ಭಯೋತ್ಪಾದಕ ಸಂಘಟನೆ ಎಂದು ಅಧ್ಯಕ್ಷರು ಆದೇಶದ ಮೂಲಕ ಘೋಷಿಸಿದರು. ದೇಶದೊಳಗಿನ ಗುಂಪುಗಳನ್ನು ಹಾಗೆ ಪಟ್ಟಿ ಮಾಡಲು ಅಮೆರಿಕದ ಕಾನೂನಿನಲ್ಲಿ ಪ್ರತ್ಯೇಕ ವ್ಯವಸ್ಥೆಯೇ ಇಲ್ಲವೆಂಬುದು ಬೇರೆ ಮಾತು. ಹೀಗೆ ಪಟ್ಟಿ ಉದ್ದವಾಗುತ್ತಿದ್ದ ವರ್ಷದಲ್ಲಿಯೇ, ಮಾರ್ಚ್ ತಿಂಗಳಲ್ಲಿ, ಆ ದೇಶದೊಳಗಿನ ಭಯೋತ್ಪಾದನೆ ಮತ್ತು ಉದ್ದೇಶಿತ ಹಿಂಸೆಯ ಘಟನೆಗಳನ್ನು ದಾಖಲಿಸುತ್ತಿದ್ದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಯೋಜನೆಗೆ ಬರುತ್ತಿದ್ದ ಸರ್ಕಾರಿ ಅನುದಾನ ನಿಂತುಹೋಯಿತು.

ಭಯೋತ್ಪಾದಕರ ಸಂಖ್ಯೆ ಹೆಚ್ಚಿದೆ ಎನ್ನುವ ಸರ್ಕಾರವೇ ಅವರ ಕುರಿತ ಅಧ್ಯಯನದ ಹಣವನ್ನು ಕಡಿತಗೊಳಿಸುವುದು ಹೇಗೆ? ಈ ಪ್ರಶ್ನೆ ನಮಗೆ ದೂರದ್ದೇನೂ ಅಲ್ಲ. ಭಯೋತ್ಪಾದನೆ ಹಾಗೂ ಹೋಮ್‌ಲ್ಯಾಂಡ್ ಸೆಕ್ಯುರಿಟಿ (ತಾಯ್ನೆಲದ ಭದ್ರತೆ) ವಿಷಯಗಳಲ್ಲಿ ಸ್ನಾತಕೋತ್ತರ ಪದವಿ ಪಡೆಯಲು ಹೊರದೇಶಗಳಿಗೆ ಹೋಗುವವರಲ್ಲಿ ಭಾರತೀಯರೂ ಇದ್ದಾರೆ. ಭಾರತದಲ್ಲಿಯೂ ಭದ್ರತಾ ಅಧ್ಯಯನಕ್ಕೆಂದೇ ವಿಶ್ವವಿದ್ಯಾಲಯಗಳು ಹುಟ್ಟಿಕೊಂಡಿವೆ. ಗಾಂಧಿನಗರದ ಬಳಿಯ ಲವಾಡ್‌ನಲ್ಲಿರುವ ರಾಷ್ಟ್ರೀಯ ರಕ್ಷಾ ವಿಶ್ವವಿದ್ಯಾಲಯದ ಒಂದು ಕ್ಯಾಂಪಸ್ ನಮ್ಮ ಶಿವಮೊಗ್ಗದಲ್ಲಿದೆ. ಇಂತಹ ಪದವಿಯಲ್ಲಿ ಕಲಿಸುವುದು ಏನನ್ನು ಎಂಬುದು ಸ್ಪಷ್ಟವಾಗದ ಹೊರತು ಮೇಲಿನ ಗೊಂದಲ ಬಗೆಹರಿಯುವುದಿಲ್ಲ.

ಎರಡು ಓದುಗಳ ಬೆಸುಗೆ

ಕೋರ್ಸಿನ ಹೆಸರಿನಲ್ಲಿ ಅಕ್ಕಪಕ್ಕ ಕೂರುವ ಎರಡು ಪದಗಳು ಎರಡು ಬೇರೆ ಕುಲಕ್ಕೆ ಸೇರಿದವು. ಭಯೋತ್ಪಾದನಾ ಅಧ್ಯಯನವು ಸಮಾಜವಿಜ್ಞಾನದ ಒಂದು ಶಾಖೆ. ಯಾವ ಸಂದರ್ಭದಲ್ಲಿ ಒಂದು ಗುಂಪು ನಾಗರಿಕರ ಮೇಲೆ ಹಿಂಸೆಗೆ ಇಳಿಯುತ್ತದೆ, ಯಾರು ಅದನ್ನು ಸೇರುತ್ತಾರೆ, ಯಾಕೆ ಬಿಟ್ಟು ಬರುತ್ತಾರೆ, ಯಾವ ಸರ್ಕಾರಿ ಕ್ರಮದಿಂದ ಹಿಂಸೆ ತಗ್ಗುತ್ತದೆ, ಯಾವುದರಿಂದ ಹೆಚ್ಚುತ್ತದೆ ಎಂಬುದು ಅದರ ಹುಡುಕಾಟ. ಹೋಮ್‌ಲ್ಯಾಂಡ್ ಸೆಕ್ಯುರಿಟಿಯಾದರೋ ಒಂದು ಆಡಳಿತ ವಿದ್ಯೆ. ಗಡಿಯ ಕಾವಲು, ವಿಮಾನ ನಿಲ್ದಾಣದ ತಪಾಸಣೆ, ವಿದ್ಯುತ್ ಜಾಲ ಹಾಗೂ ನೀರಿನ ಸರಬರಾಜಿನ ರಕ್ಷಣೆ, ಚಂಡಮಾರುತದ ವೇಳೆ ಜನರ ತೆರವು, ಇಲಾಖೆಗಳ ನಡುವಣ ಹೊಂದಾಣಿಕೆ ಇವೆಲ್ಲ ಅದರ ಪಠ್ಯಕ್ರಮದೊಳಗೆ ಬರುತ್ತವೆ.

ಇವೆರಡೂ ಒಂದೇ ಸೂರಿನಡಿ ಬಂದದ್ದು ಅಮೆರಿಕದ ಒಂದು ಐತಿಹಾಸಿಕ ಸಂದರ್ಭದಲ್ಲಿ. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ, 2002ರ ಕಾಯ್ದೆಯೊಂದರ ಮೂಲಕ 22 ಸರ್ಕಾರಿ ಸಂಸ್ಥೆಗಳನ್ನು ಸೇರಿಸಿ ಹೋಮ್‌ಲ್ಯಾಂಡ್ ಸೆಕ್ಯುರಿಟಿ ಇಲಾಖೆಯನ್ನು ಕಟ್ಟಲಾಯಿತು. ಪ್ರವಾಹ, ಚಂಡಮಾರುತಗಳನ್ನು ನೋಡಿಕೊಳ್ಳುವ ಫೆಮಾ ಸಂಸ್ಥೆಯೂ ಅದರೊಳಗೆ ಸೇರಿಹೋಯಿತು. 2005ರಲ್ಲಿ ಕತ್ರಿನಾ ಚಂಡಮಾರುತ ನ್ಯೂ ಆರ್ಲಿಯನ್ಸ್ ನಗರವನ್ನು ಮುಳುಗಿಸಿದಾಗ ಫೆಮಾ ತಡಬಡಾಯಿಸಿದ್ದಕ್ಕೆ, ಇಲಾಖೆಯ ಗಮನವೆಲ್ಲ ಭಯೋತ್ಪಾದನೆಯ ಕಡೆಗೇ ವಾಲಿದ್ದೂ ಒಂದು ಕಾರಣವೆಂಬ ಟೀಕೆ ಆಗ ಬಲವಾಗಿ ಕೇಳಿಬಂದಿತ್ತು. ಅಷ್ಟು ದೊಡ್ಡ ಇಲಾಖೆಗೆ ತರಬೇತಿ ಪಡೆದವರು ಬೇಕಾದರು. ವಿಶ್ವವಿದ್ಯಾಲಯಗಳು ಕೋರ್ಸುಗಳನ್ನು ತೆರೆದವು. ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿರುವ ನೌಕಾಪಡೆಯ ಸ್ನಾತಕೋತ್ತರ ಶಾಲೆ 2003ರಲ್ಲಿಯೇ ಈ ವಿಷಯದ ಸ್ನಾತಕೋತ್ತರ ಪದವಿಯನ್ನು ಆರಂಭಿಸಿತು. ಅಲ್ಲಿ ಬೋಧನಾ ಶುಲ್ಕವಿಲ್ಲ. ಪ್ರವೇಶ ದೊರೆಯುವುದು ಅಮೆರಿಕದ ಸ್ಥಳೀಯ, ರಾಜ್ಯ ಹಾಗೂ ಕೇಂದ್ರ ಮಟ್ಟದ ಅಧಿಕಾರಿಗಳಂಥವರಿಗೆ.

ಭಾರತಕ್ಕೆ ಈ ಪದ ನೇರವಾಗಿ ಹೊಂದುವುದಿಲ್ಲ. ಇಲ್ಲಿ ವಿಪತ್ತು ನಿರ್ವಹಣೆಗೆ 2005ರ ಪ್ರತ್ಯೇಕ ಕಾಯ್ದೆಯಿದೆ, ವಿಮಾನ ನಿಲ್ದಾಣದ ಭದ್ರತಾ ನಿಯಮಗಳನ್ನು ನಾಗರಿಕ ವಿಮಾನಯಾನ ಸಚಿವಾಲಯದಡಿಯ ಬ್ಯೂರೋ ರೂಪಿಸುತ್ತದೆ, ಪೊಲೀಸ್ ವ್ಯವಸ್ಥೆ ಸಂವಿಧಾನದ ಪ್ರಕಾರ ರಾಜ್ಯಗಳ ವಿಷಯ. ನಾವು ಆಂತರಿಕ ಭದ್ರತೆ ಎನ್ನುವುದರ ಹರವೇ ಬೇರೆ. ಅಮೆರಿಕದ ಪಠ್ಯವನ್ನು ಇಲ್ಲಿಗೆ ಎತ್ತಿ ತಂದರೆ ಅದರ ಅರ್ಧಭಾಗದಲ್ಲಿ, ನಮ್ಮಲ್ಲಿ ಇಲ್ಲವೇ ಇಲ್ಲದ ಇಲಾಖೆಯೊಂದರ ಆಡಳಿತವನ್ನು ಕಲಿಸಿದಂತಾಗುತ್ತದೆ.

ಕಾರ್ಡುಗಳ ಪೆಟ್ಟಿಗೆ

ಈ ಶಾಸ್ತ್ರ ಯಾರ ಹಣದಿಂದ, ಯಾರ ಅಗತ್ಯಕ್ಕಾಗಿ ಬೆಳೆಯಿತು ಎಂಬುದನ್ನು ತಿಳಿಯಲು ಅದರ ಅತಿ ಪ್ರಸಿದ್ಧ ದತ್ತಾಂಶ ಸಂಗ್ರಹದ ಕಥೆಯೊಂದೇ ಸಾಕು. ಜಾಗತಿಕ ಭಯೋತ್ಪಾದನಾ ದತ್ತಾಂಶ ಸಂಗ್ರಹದಲ್ಲಿ 1970ರಿಂದ ಈಚಿನ ಎರಡು ಲಕ್ಷಕ್ಕೂ ಹೆಚ್ಚು ಘಟನೆಗಳ ದಾಖಲೆಯಿದೆ. ಅದರ ಮೂಲ ವಿಶ್ವವಿದ್ಯಾಲಯವಲ್ಲ, ಪಿಂಕರ್ಟನ್ ಎಂಬ ಖಾಸಗಿ ಭದ್ರತಾ ಸಂಸ್ಥೆ. ಹೊರದೇಶಗಳಲ್ಲಿ ವ್ಯವಹಾರ ಮಾಡುವ ಕಂಪನಿಗಳಿಗೆ ಅಪಾಯದ ಮಾಹಿತಿ ಒದಗಿಸುವುದಕ್ಕಾಗಿ ಅದರ ಸಿಬ್ಬಂದಿ ಪತ್ರಿಕೆಗಳನ್ನೂ ಸುದ್ದಿಸಂಸ್ಥೆಗಳ ವರದಿಗಳನ್ನೂ ಓದಿ, ಒಂದೊಂದು ಘಟನೆಗೆ ಒಂದೊಂದು ಕಾರ್ಡಿನಂತೆ ಕೈಯಲ್ಲಿ ಬರೆದಿಡುತ್ತಿದ್ದರು. ಕಚೇರಿಯನ್ನು ಸ್ಥಳಾಂತರಿಸುವಾಗ 1993ರ ಕಾರ್ಡುಗಳು ಕಳೆದುಹೋದವು. ಹೀಗಾಗಿ ಮುಂಬೈ ಸರಣಿ ಸ್ಫೋಟ ಹಾಗೂ ನ್ಯೂಯಾರ್ಕಿನ ವರ್ಲ್ಡ್ ಟ್ರೇಡ್ ಸೆಂಟರಿನ ಮೊದಲ ದಾಳಿ ಎರಡೂ ನಡೆದ ಆ ವರ್ಷಕ್ಕೇ, ಜಗತ್ತಿನಾದ್ಯಂತ ಸಂಶೋಧಕರು ನೆಚ್ಚಿಕೊಂಡಿರುವ ಆ ಪಟ್ಟಿಯಲ್ಲಿ ಇಂದಿಗೂ ಪೂರ್ಣ ದಾಖಲೆಯಿಲ್ಲ.

ಅಪರಾಧಶಾಸ್ತ್ರಜ್ಞ ಗ್ಯಾರಿ ಲಾಫ್ರೀ ಅವರ ಪ್ರಯತ್ನದಿಂದ ಆ ಕಾರ್ಡುಗಳ ಪೆಟ್ಟಿಗೆಗಳು ಮೇರಿಲ್ಯಾಂಡ್ ವಿಶ್ವವಿದ್ಯಾಲಯಕ್ಕೆ ಬಂದವು. 2005ರಲ್ಲಿ ಹೋಮ್‌ಲ್ಯಾಂಡ್ ಸೆಕ್ಯುರಿಟಿ ಇಲಾಖೆಯ ಅನುದಾನದಿಂದ ಅಲ್ಲಿ ಸ್ಟಾರ್ಟ್ ಎಂಬ ಸಂಶೋಧನಾ ಕೇಂದ್ರ ಸ್ಥಾಪನೆಯಾಯಿತು. ವಿದೇಶಾಂಗ ಇಲಾಖೆ ತನ್ನ ವಾರ್ಷಿಕ ವರದಿಗೆ ಇದೇ ಸಂಗ್ರಹದ ಅಂಕಿಅಂಶಗಳನ್ನು ಕೆಲ ವರ್ಷ ಬಳಸಿಕೊಂಡಿತು. 2018ರಲ್ಲಿ ಆ ಇಲಾಖೆಯ ಹಣ ನಿಂತಿತು. 2025ರ ಕಡಿತ ಅದೇ ಸರಣಿಯ ಮುಂದಿನ ಕೊಂಡಿ.

ಈಗ ಮೊದಲಿನ ಪ್ರಶ್ನೆಗೆ ಬರಬಹುದು. ಒಂದು ಗುಂಪನ್ನು ಪಟ್ಟಿಗೆ ಸೇರಿಸುವುದು ಸರ್ಕಾರದ ಅಧಿಕಾರದ ಚಲಾವಣೆ. ಅದರಿಂದ ಬ್ಯಾಂಕ್ ಖಾತೆಗಳನ್ನು ಮುಟ್ಟುಗೋಲು ಹಾಕಬಹುದು, ವೀಸಾ ನಿರಾಕರಿಸಬಹುದು, ಮೊಕದ್ದಮೆ ಹೂಡಬಹುದು. ಘಟನೆಗಳನ್ನು ಎಣಿಸುವುದು ಆ ಅಧಿಕಾರದ ಪರಿಶೀಲನೆ. ಯಾವ ಸಿದ್ಧಾಂತದವರಿಂದ ಎಷ್ಟು ಹಿಂಸೆ ನಡೆದಿದೆ ಎಂಬ ಲೆಕ್ಕ ಹೊರಬಿದ್ದಾಗ, ಪಟ್ಟಿಯಲ್ಲಿರುವ ಹೆಸರುಗಳಿಗೂ ನಿಜವಾದ ಅಪಾಯಕ್ಕೂ ಎಷ್ಟು ಹೊಂದಾಣಿಕೆ ಇದೆ ಎಂದು ಯಾರು ಬೇಕಾದರೂ ಕೇಳಬಹುದು. ಆದ್ದರಿಂದ ಪಟ್ಟಿ ಬೆಳೆಯುವುದೂ ಎಣಿಕೆ ನಿಲ್ಲುವುದೂ ಒಟ್ಟಿಗೆ ನಡೆದರೆ ಅದು ವಿರೋಧಾಭಾಸವೇನಲ್ಲ. ಅನುದಾನ ಕಡಿತದ ಪರವಾದ ವಾದವನ್ನೂ ಗಮನಿಸಬೇಕು: ಹೋಮ್‌ಲ್ಯಾಂಡ್ ಸೆಕ್ಯುರಿಟಿಯ ಹಣ ಗಡಿ ಕಾವಲಿನಂತಹ ನೇರ ಕೆಲಸಗಳಿಗೆ ಹೋಗಬೇಕು, ಪ್ರಜೆಗಳ ಅಭಿಪ್ರಾಯಗಳನ್ನು ಅಳೆಯುವ ಸಂಶೋಧನೆ ಸರ್ಕಾರದ ಕೆಲಸವಲ್ಲ ಎಂಬುದು ಅದರ ತಿರುಳು. ಕುತೂಹಲದ ಸಂಗತಿಯೆಂದರೆ, ಸರ್ಕಾರ ಹಣ ಕೊಟ್ಟು ಈ ವಿಷಯವನ್ನು ಅಧ್ಯಯನ ಮಾಡಿಸುವುದನ್ನೇ ಎಡಪಂಥೀಯ ವಿದ್ವಾಂಸರು ಬಹಳ ಹಿಂದಿನಿಂದ ಅನುಮಾನದಿಂದ ನೋಡುತ್ತ ಬಂದಿದ್ದರು. 2008ರ ಹೊತ್ತಿಗೆ ರಿಚರ್ಡ್ ಜಾಕ್ಸನ್ ಮೊದಲಾದವರು ವಿಮರ್ಶಾತ್ಮಕ ಭಯೋತ್ಪಾದನಾ ಅಧ್ಯಯನ ಎಂಬ ಪ್ರತ್ಯೇಕ ಧಾರೆಯನ್ನೇ ಕಟ್ಟಿ, ಪ್ರಭುತ್ವ ನಡೆಸುವ ಹಿಂಸೆಯನ್ನು ಈ ಶಾಸ್ತ್ರ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲವೆಂದು ಆಕ್ಷೇಪಿಸಿದರು.

ಇವೆರಡಕ್ಕೂ ಸೇರದ ಮೂರನೆಯ ದೂರೊಂದಿದೆ. ನನ್ನ ದೃಷ್ಟಿಯಲ್ಲಿ ಅದೇ ಹೆಚ್ಚು ತೂಕದ್ದು. ಸಿಐಎಯಲ್ಲಿ ಕೆಲಸ ಮಾಡಿ ಬಳಿಕ ಮನೋವೈದ್ಯರೂ ಸಂಶೋಧಕರೂ ಆದ ಮಾರ್ಕ್ ಸೇಜ್‌ಮನ್, ಈ ಸಂಶೋಧನೆ ನಿಂತ ನೀರಾಗಿದೆ ಎಂದು 2014ರಲ್ಲಿ ಬರೆದರು. ಅವರ ಪ್ರಕಾರ ಗುಪ್ತಚರ ಇಲಾಖೆಯವರ ಬಳಿ ಮಾಹಿತಿಯಿದೆ, ಅದನ್ನು ಶಾಸ್ತ್ರೀಯವಾಗಿ ಪರಿಶೀಲಿಸುವ ವಿಧಾನವಿಲ್ಲ. ವಿದ್ವಾಂಸರ ಬಳಿ ವಿಧಾನವಿದೆ, ಮಾಹಿತಿಯಿಲ್ಲ. ಇಬ್ಬರ ನಡುವಿನ ಬಾಗಿಲು ಮುಚ್ಚಿರುವುದರಿಂದ, ಯುವಕನೊಬ್ಬ ಯಾಕೆ ಹಿಂಸೆಗೆ ತಿರುಗುತ್ತಾನೆ ಎಂಬ ಮೂಲಭೂತ ಪ್ರಶ್ನೆಗೆ ಇಷ್ಟೆಲ್ಲ ಹಣ ಸುರಿದ ಮೇಲೂ ಉತ್ತರ ಸಿಕ್ಕಿಲ್ಲ ಎಂಬುದು ಅವರ ಕೊರಗು. ಅವರ ಮಾತನ್ನು ಹಲವರು ಅತಿರೇಕವೆಂದು ತಳ್ಳಿಹಾಕಿದರೂ ಮುಚ್ಚಿದ ಬಾಗಿಲಿನ ಸಂಗತಿಯನ್ನು ಅಲ್ಲಗಳೆಯುವುದು ಕಷ್ಟ.

ವ್ಯಾಖ್ಯೆಯ ಕಗ್ಗಂಟು

ಪದವಿಯ ಮೊದಲ ತರಗತಿಯಲ್ಲಿಯೇ ಎದುರಾಗುವ ಪ್ರಶ್ನೆ ಭಯೋತ್ಪಾದನೆ ಎಂದರೇನು ಎಂಬುದು. ಡಚ್ ವಿದ್ವಾಂಸ ಅಲೆಕ್ಸ್ ಸ್ಮಿಡ್ 1980ರ ದಶಕದಲ್ಲಿಯೇ ನೂರಕ್ಕೂ ಹೆಚ್ಚು ವ್ಯಾಖ್ಯೆಗಳನ್ನು ಕಲೆಹಾಕಿದ್ದರು. ಎಲ್ಲ ದೇಶಗಳೂ ಒಪ್ಪುವ ಸಮಗ್ರ ಒಡಂಬಡಿಕೆಯೊಂದನ್ನು ಭಾರತವು 1996ರಲ್ಲಿ ವಿಶ್ವಸಂಸ್ಥೆಯ ಮುಂದಿಟ್ಟಿತು. ವಿಮೋಚನಾ ಹೋರಾಟಗಳನ್ನು ಅದರಿಂದ ಹೊರಗಿಡಬೇಕೇ, ದೇಶಗಳ ಸೇನೆಯ ಕೃತ್ಯಗಳನ್ನು ಒಳಗೆ ತರಬೇಕೇ ಎಂಬ ಎರಡು ಜಗ್ಗಾಟಗಳಲ್ಲಿ ಸಿಕ್ಕಿಕೊಂಡ ಆ ಕರಡು ಮುಂದಕ್ಕೆ ಹೋಗಿಲ್ಲ.

ಭಾರತದೊಳಗೂ ವ್ಯಾಖ್ಯೆ ಒಂದೇ ಕಡೆ ಇಲ್ಲ. ಕಾನೂನುಬಾಹಿರ ಚಟುವಟಿಕೆಗಳ (ತಡೆ) ಕಾಯ್ದೆ, ಅಂದರೆ ಯುಎಪಿಎ, ತನ್ನ 15ನೇ ಕಲಮಿನಲ್ಲಿ ಭಯೋತ್ಪಾದಕ ಕೃತ್ಯವನ್ನು ವಿವರಿಸುತ್ತದೆ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 113ನೇ ಕಲಮು ಬಹುಮಟ್ಟಿಗೆ ಅದನ್ನೇ ಸಾಮಾನ್ಯ ದಂಡಸಂಹಿತೆಯೊಳಗೂ ತಂದಿದೆ. ಪ್ರಕರಣವನ್ನು ಯಾವ ಕಾನೂನಿನಡಿ ದಾಖಲಿಸಬೇಕೆಂಬ ತೀರ್ಮಾನವನ್ನು ಪೊಲೀಸ್ ವರಿಷ್ಠಾಧಿಕಾರಿ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಗೆ ಬಿಡಲಾಗಿದೆ. ಒಂದೇ ಕೃತ್ಯಕ್ಕೆ ಎರಡು ದಾರಿಗಳಿರುವಾಗ, ಸಂಶೋಧಕರು ಪ್ರಕರಣಗಳನ್ನು ಎಣಿಸಬೇಕಾದದ್ದು ಯಾವ ಕಡತದಿಂದ ಎಂಬುದೇ ತೊಡಕಾಗುತ್ತದೆ.

ಜೆಎನ್‌ಯು ಪಠ್ಯ ಮತ್ತು ಕೋಣನಕುಂಟೆಯ ಮನೆ

ವ್ಯಾಖ್ಯೆಯ ಜಗಳ ತರಗತಿಯೊಳಗೆ ಬಂದರೆ ಏನಾಗುತ್ತದೆ ಎಂಬುದಕ್ಕೆ ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದ 2021ರ ವಿವಾದ ಒಳ್ಳೆಯ ನಿದರ್ಶನ. ಬಿ.ಟೆಕ್. ಮುಗಿಸಿ ಅಂತರರಾಷ್ಟ್ರೀಯ ಸಂಬಂಧಗಳ ವಿಶೇಷತೆಯೊಂದಿಗೆ ಎಂ.ಎಸ್. ಮಾಡುವ ಜೋಡಿ ಪದವಿಯ ವಿದ್ಯಾರ್ಥಿಗಳಿಗೆ ಭಯೋತ್ಪಾದನಾ ನಿಗ್ರಹದ ಐಚ್ಛಿಕ ಪತ್ರಿಕೆಯೊಂದನ್ನು ಆ ವರ್ಷದ ಆಗಸ್ಟ್‌ನಲ್ಲಿ ಅಕಾಡೆಮಿಕ್ ಕೌನ್ಸಿಲ್ ಒಪ್ಪಿತು. ಮೂಲಭೂತವಾದಿ ಧಾರ್ಮಿಕ ಭಯೋತ್ಪಾದನೆಯ ಏಕೈಕ ರೂಪ ಜಿಹಾದಿ ಭಯೋತ್ಪಾದನೆ ಎಂದೂ, ಸೋವಿಯತ್ ಒಕ್ಕೂಟ ಮತ್ತು ಚೀನಾದ ಕಮ್ಯುನಿಸ್ಟ್ ಆಡಳಿತಗಳು ಪ್ರಭುತ್ವ ಪ್ರಾಯೋಜಿತ ಭಯೋತ್ಪಾದನೆಯ ಪ್ರಮುಖ ಪೋಷಕರಾಗಿದ್ದವು ಎಂದೂ ಪಠ್ಯದ ಒಕ್ಕಣೆ ಹೇಳುತ್ತಿತ್ತು. ಇದು ಪೂರ್ವಗ್ರಹ, ಚರ್ಚೆಗೆ ಅವಕಾಶ ಕೊಡದೆ ಒಪ್ಪಿಸಿದ್ದು ಎಂದು ಅಧ್ಯಾಪಕರ ಸಂಘ ಆಕ್ಷೇಪಿಸಿತು. ದೇಶ ಎದುರಿಸುತ್ತಿರುವ ಬೆದರಿಕೆಯನ್ನು ಭಾರತದ ದೃಷ್ಟಿಯಿಂದ ವಿದ್ಯಾರ್ಥಿಗಳು ಓದಬಾರದೇಕೆ ಎಂಬುದು ಸಮರ್ಥಕರ ಪ್ರಶ್ನೆಯಾಗಿತ್ತು. ಸೆಪ್ಟೆಂಬರ್‌ನಲ್ಲಿ ಕಾರ್ಯಕಾರಿ ಮಂಡಳಿಯೂ ಅನುಮೋದನೆ ನೀಡಿತು.

ಸಮರ್ಥಕರ ಪ್ರಶ್ನೆ ನ್ಯಾಯವಾದದ್ದೇ. ಆದರೆ ಪಠ್ಯದ ದೋಷ ಇರುವುದು ಬೆದರಿಕೆಯನ್ನು ಹೆಸರಿಸಿದ್ದರಲ್ಲಲ್ಲ, ಏಕೈಕ ಎಂಬ ಪದದಲ್ಲಿ. ಸಂಶೋಧನೆಯಿಂದ ಕಂಡುಕೊಳ್ಳಬೇಕಾದುದನ್ನು ಪಠ್ಯಕ್ರಮ ಮೊದಲ ಸಾಲಿನಲ್ಲಿಯೇ ತೀರ್ಮಾನಿಸಿಬಿಟ್ಟರೆ ವಿದ್ಯಾರ್ಥಿಗೆ ಉಳಿಯುವ ಕೆಲಸ ಉದಾಹರಣೆಗಳನ್ನು ಜೋಡಿಸುವುದಷ್ಟೇ. ಧರ್ಮದ ಆಚೆಗೂ ಭಾರತದ ಅನುಭವ ದೊಡ್ಡದಿದೆ. ರಾಬರ್ಟ್ ಪೇಪ್ ಎಂಬ ರಾಜಕೀಯ ವಿಜ್ಞಾನಿ 1980ರಿಂದ 2003ರವರೆಗೆ ಜಗತ್ತಿನಲ್ಲಿ ನಡೆದ ಆತ್ಮಾಹುತಿ ದಾಳಿಗಳನ್ನು ಲೆಕ್ಕ ಹಾಕಿದಾಗ ಅತಿ ಹೆಚ್ಚು ದಾಳಿ ನಡೆಸಿದ್ದು ಶ್ರೀಲಂಕಾದ ತಮಿಳು ಪ್ರತ್ಯೇಕತಾವಾದಿ ಸಂಘಟನೆ ಎಲ್‌ಟಿಟಿಇ ಎಂದು ಕಂಡುಬಂತು. ಅದು ಧರ್ಮದ ಹೆಸರಿನಲ್ಲಿ ಹೋರಾಡಿದ ಸಂಘಟನೆಯಲ್ಲ. 1991ರ ಮೇ 21ರಂದು ರಾಜೀವ್ ಗಾಂಧಿಯವರನ್ನು ಕೊಂದದ್ದು ಅದೇ. ಕರ್ನಾಟಕದಲ್ಲಿ ಸೇವೆ ಸಲ್ಲಿಸಿದ್ದ ಐಪಿಎಸ್ ಅಧಿಕಾರಿ ಡಿ.ಆರ್. ಕಾರ್ತಿಕೇಯನ್ ನೇತೃತ್ವದ ವಿಶೇಷ ತನಿಖಾ ತಂಡ ಬೆನ್ನುಹತ್ತಿದ್ದ, ಹತ್ಯೆಯ ಸಂಚಿನ ಪ್ರಮುಖ ಆರೋಪಿ ಶಿವರಾಸನ್ ಹಾಗೂ ಸಂಗಡಿಗರು ಆ ವರ್ಷದ ಆಗಸ್ಟ್ 20ರಂದು ಶವವಾಗಿ ಪತ್ತೆಯಾದದ್ದು ಬೆಂಗಳೂರಿನ ಅಂಚಿನ ಕೋಣನಕುಂಟೆಯ ಮನೆಯೊಂದರಲ್ಲಿ. ಧಾರ್ಮಿಕ ಹಿಂಸೆಯಿಂದಲೇ ಪಾಠ ಹೇಳಿಕೊಡುವ ಪಠ್ಯದಲ್ಲಿ ಕೋಣನಕುಂಟೆಗೆ ಯಾವ ಅಧ್ಯಾಯದಲ್ಲಿ ಜಾಗ?

ಈ ಪತ್ರಿಕೆ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆಂದೇ ರೂಪಿತವಾದುದರಲ್ಲಿ ಒಂದು ಸಣ್ಣ ವಿಡಂಬನೆಯೂ ಇದೆ. ಬಡತನ ಮತ್ತು ಅವಿದ್ಯೆಗಳೇ ಭಯೋತ್ಪಾದನೆಗೆ ನೇರ ಕಾರಣ ಎಂಬ ಸಾಮಾನ್ಯ ನಂಬಿಕೆಯನ್ನು ಸಂಶೋಧನೆಗಳು ಸಮರ್ಥಿಸಿಲ್ಲ. ಡಿಯಾಗೊ ಗ್ಯಾಂಬೆಟ್ಟಾ ಮತ್ತು ಸ್ಟೆಫೆನ್ ಹೆರ್ಟೋಗ್ ನಡೆಸಿದ ಅಧ್ಯಯನದಲ್ಲಿ, ಇಸ್ಲಾಮಿಕ್ ಉಗ್ರವಾದಿ ಗುಂಪುಗಳ ಪದವೀಧರರ ನಡುವೆ ಎಂಜಿನಿಯರುಗಳ ಪ್ರಮಾಣ ನಿರೀಕ್ಷೆಗಿಂತ ಬಹಳ ಹೆಚ್ಚಿತ್ತು. ಎಡಪಂಥೀಯ ಗುಂಪುಗಳಲ್ಲಿ ಮಾನವಿಕ ಹಾಗೂ ಸಮಾಜವಿಜ್ಞಾನ ಓದಿದವರದ್ದು ಮೇಲುಗೈ. ಇಂತಹ ಅನಿರೀಕ್ಷಿತ ಫಲಿತಾಂಶಗಳನ್ನು ಕೊಡಬಲ್ಲದ್ದರಿಂದಲೇ ಈ ಶಾಸ್ತ್ರಕ್ಕೆ ಬೆಲೆ.

ಓದಿದ್ದೇ ಸಾಕ್ಷ್ಯವಾದರೆ

ಭಯೋತ್ಪಾದಕರ ಬರಹಗಳನ್ನು ಓದದೆ ಭಯೋತ್ಪಾದನೆಯ ಮೇಲೆ ಪ್ರಬಂಧ ಬರೆಯಲಾಗದು. 2008ರಲ್ಲಿ ಬ್ರಿಟನ್ನಿನ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಸ್ನಾತಕೋತ್ತರ ವಿದ್ಯಾರ್ಥಿಯೊಬ್ಬರು ತಮ್ಮ ಸಂಶೋಧನೆಗಾಗಿ ಅಲ್ ಖೈದಾದ ಕೈಪಿಡಿಯೊಂದನ್ನು ಅಮೆರಿಕ ಸರ್ಕಾರದ ಜಾಲತಾಣದಿಂದಲೇ ಇಳಿಸಿಕೊಂಡಿದ್ದರು. ಅವರನ್ನೂ ಅವರ ಸ್ನೇಹಿತರಾಗಿದ್ದ ಸಿಬ್ಬಂದಿಯೊಬ್ಬರನ್ನೂ ಬಂಧಿಸಿ, ಆರು ದಿನಗಳ ನಂತರ ಭಯೋತ್ಪಾದನೆಯ ಯಾವ ಆರೋಪವನ್ನೂ ಹೊರಿಸದೆ ಬಿಡಲಾಯಿತು. ಬ್ರಿಟನ್ನಿನ 2019ರ ತಿದ್ದುಪಡಿ, ಶೈಕ್ಷಣಿಕ ಸಂಶೋಧನೆ ಹಾಗೂ ಪತ್ರಿಕೋದ್ಯಮಗಳನ್ನು ಇಂತಹ ಬರಹಗಳನ್ನು ಹೊಂದಿರುವುದಕ್ಕೆ ಸಮಂಜಸ ಕಾರಣಗಳೆಂದು ಕಾನೂನಿನಲ್ಲಿಯೇ ಹೆಸರಿಸಿತು.

ಯುಎಪಿಎಯಲ್ಲಿ ಅಂತಹ ಸ್ಪಷ್ಟ ವಿನಾಯಿತಿಯಿಲ್ಲ. ಮಂಗಳೂರು ವಿಶ್ವವಿದ್ಯಾಲಯದ ಪತ್ರಿಕೋದ್ಯಮ ವಿದ್ಯಾರ್ಥಿಯೊಬ್ಬರನ್ನು 2012ರಲ್ಲಿ ನಕ್ಸಲ್ ನಂಟಿನ ಆರೋಪದ ಮೇಲೆ ಬಂಧಿಸಿದಾಗ, ವಶಪಡಿಸಿಕೊಂಡ ವಸ್ತುಗಳಲ್ಲಿ ಭಗತ್ ಸಿಂಗ್ ಕುರಿತ ಪುಸ್ತಕವೂ ಪತ್ರಿಕಾ ತುಣುಕುಗಳೂ ಇದ್ದವು. ಇಂತಹ ಪುಸ್ತಕ ಇಟ್ಟುಕೊಳ್ಳುವುದಕ್ಕೆ ಕಾನೂನಿನ ತಡೆಯಿಲ್ಲವೆಂದು ಹೇಳಿ ನ್ಯಾಯಾಲಯ ಅವರನ್ನು ಖುಲಾಸೆಗೊಳಿಸಿದ್ದು 2021ರಲ್ಲಿ, ಅಂದರೆ ಒಂಬತ್ತು ವರ್ಷಗಳ ಬಳಿಕ. ಹಿಂಸೆಯನ್ನು ಪ್ರಚೋದಿಸುವ ಸಾಹಿತ್ಯವನ್ನು ಕೇವಲ ಹೊಂದಿರುವುದು ಭಯೋತ್ಪಾದಕ ಕೃತ್ಯವಾಗದು ಎಂದು ಸುಪ್ರೀಂ ಕೋರ್ಟ್ 2023ರ ಜುಲೈನಲ್ಲಿ, ಭೀಮಾ ಕೋರೆಗಾಂವ್ ಪ್ರಕರಣದ ಇಬ್ಬರು ಆರೋಪಿಗಳಿಗೆ ಜಾಮೀನು ನೀಡುವಾಗ ಹೇಳಿತು. ಈ ಮಾತು ಸಂಶೋಧಕರಿಗೆ ಆಸರೆಯಾಗಬಲ್ಲದು. ಆದರೆ ಆ ಆಸರೆ ದೊರೆಯುವುದು ನ್ಯಾಯಾಲಯದಲ್ಲಿ, ಬಂಧನವಾದ ಮೇಲೆ. ಪರಿಣಾಮವಾಗಿ ಎಚ್ಚರಿಕೆಯ ಮಾರ್ಗದರ್ಶಕರು ತಮ್ಮ ವಿದ್ಯಾರ್ಥಿಗಳನ್ನು ಮೂಲ ಆಕರಗಳಿಂದ ದೂರವಿಟ್ಟು ವರದಿಗಳ ಮೇಲಿನ ವರದಿಗಳ ಕಡೆಗೆ ತಿರುಗಿಸುವ ಸಾಧ್ಯತೆಯೇ ಹೆಚ್ಚು.

ಪದವಿಯ ಆಚೆ

ಉದ್ಯೋಗದ ಲೆಕ್ಕಾಚಾರ ಇನ್ನೂ ಒರಟು. ಅಮೆರಿಕದ ಕೇಂದ್ರ ಸರ್ಕಾರದ ಉದ್ಯೋಗಗಳು ಬಹುತೇಕ ಅಲ್ಲಿನ ಪ್ರಜೆಗಳಿಗೆ ಮೀಸಲು, ರಹಸ್ಯ ಮಾಹಿತಿಯನ್ನು ನೋಡುವ ಅನುಮತಿಯಂತೂ ಪ್ರಜೆಗಳಿಗೆ ಮಾತ್ರ. ವಿದ್ಯಾರ್ಥಿ ವೀಸಾದ ಮೇಲೆ ಹೋದ ಭಾರತೀಯರು ಯಾವ ಇಲಾಖೆಯ ಹೆಸರಿನ ಪದವಿ ಪಡೆಯುತ್ತಾರೋ ಆ ಇಲಾಖೆಯ ಬಾಗಿಲೇ ಅವರಿಗೆ ಮುಚ್ಚಿರುತ್ತದೆ. ಪ್ರವೇಶದ ಕೈಪಿಡಿಗಳಲ್ಲಿ ಈ ಸಂಗತಿಯನ್ನು ದಪ್ಪ ಅಕ್ಷರಗಳಲ್ಲಿ ಮುದ್ರಿಸುವುದಿಲ್ಲ.

ಭಾರತದಲ್ಲಿ ಬಾಗಿಲು ತೆರೆದಿದೆ, ಆದರೆ ಅದಕ್ಕೆ ಈ ಕೀಲಿ ಬೇಕಿಲ್ಲ. ಕರ್ನಾಟಕದ ಪಿಎಸ್‌ಐ ನೇಮಕಾತಿಗೆ, ಕೆಪಿಎಸ್‌ಸಿ ಮೂಲಕ ಡಿವೈಎಸ್‌ಪಿ ಆಗುವುದಕ್ಕೆ, ಯುಪಿಎಸ್‌ಸಿ ಪರೀಕ್ಷೆಗೆ, ಗುಪ್ತಚರ ಬ್ಯೂರೋದ ಸಹಾಯಕ ಅಧಿಕಾರಿ ಹುದ್ದೆಗೆ ಯಾವುದಾದರೂ ಒಂದು ಪದವಿ ಸಾಕು. 26/11ರ ದಾಳಿಯ ನಂತರ, 2008ರಲ್ಲಿ ರಚನೆಯಾದ ರಾಷ್ಟ್ರೀಯ ತನಿಖಾ ದಳ ಬಹುಮಟ್ಟಿಗೆ ಇತರ ಪಡೆಗಳಿಂದ ಎರವಲು ಸೇವೆಯ ಮೇಲೆ ಬಂದ ಅಧಿಕಾರಿಗಳನ್ನು ಅವಲಂಬಿಸಿದೆ. ನೇಮಕಾತಿ ನಿಯಮಗಳು ಬದಲಾಗದೆ ಕೋರ್ಸುಗಳು ಮಾತ್ರ ಹೆಚ್ಚಿದರೆ, ಸರ್ಕಾರವೇ ತರಬೇತಿ ಕೊಟ್ಟು ಸರ್ಕಾರವೇ ಗುರುತಿಸದ ಪದವೀಧರರ ಒಂದು ವರ್ಗ ಸೃಷ್ಟಿಯಾಗುತ್ತದೆ. ಈ ಓದಿಗೆ ನಿಜವಾದ ಬೇಡಿಕೆಯಿರುವುದು ಖಾಸಗಿ ವಲಯದಲ್ಲಿ: ಬ್ಯಾಂಕುಗಳಲ್ಲಿ ಭಯೋತ್ಪಾದನೆಗೆ ಹರಿಯುವ ಹಣವನ್ನು ಪತ್ತೆ ಹಚ್ಚುವ ವಿಭಾಗಗಳು, ಬೆಂಗಳೂರಿನ ಬಹುರಾಷ್ಟ್ರೀಯ ಕಂಪನಿಗಳಲ್ಲಿ ತಮ್ಮ ಸಿಬ್ಬಂದಿ ಹಾಗೂ ಕಚೇರಿಗಳ ಸುರಕ್ಷತೆಗಾಗಿ ಹಗಲಿರುಳು ಸುದ್ದಿ ಗಮನಿಸುವ ತಂಡಗಳು, ಸಾಮಾಜಿಕ ಮಾಧ್ಯಮಗಳಲ್ಲಿ ಉಗ್ರವಾದಿ ವಿಡಿಯೊಗಳನ್ನು ತೆಗೆದುಹಾಕುವ ವಿಭಾಗಗಳು. ಅಲ್ಲಿಯೂ ಕೇಳುವುದು ಪದವಿಯ ಹೆಸರನ್ನಲ್ಲ. ದತ್ತಾಂಶವನ್ನು ಬಿಡಿಸಿ ನೋಡುವ ಅಭ್ಯಾಸವನ್ನು, ಅರಬ್ಬಿ, ಉರ್ದು, ಪಶ್ತೊದಂತಹ ಭಾಷೆಯೊಂದರ ಪರಿಣತಿಯನ್ನು.

ಯಾರು ಎಣಿಸುತ್ತಾರೆ?

ಅಮೆರಿಕದ ಹಣ ಹಿಂದೆ ಸರಿದದ್ದರಿಂದ ಈ ಶಾಸ್ತ್ರ ಅಳಿದುಹೋಗದು. 1994ರಲ್ಲಿ ಸ್ಥಾಪನೆಯಾದ ಸ್ಕಾಟ್‌ಲೆಂಡಿನ ಸೇಂಟ್ ಆಂಡ್ರ್ಯೂಸ್ ವಿಶ್ವವಿದ್ಯಾಲಯದ ಕೇಂದ್ರವೂ ಸಿಂಗಪುರದ ನಾನ್ಯಾಂಗ್ ವಿಶ್ವವಿದ್ಯಾಲಯದ ಕೇಂದ್ರವೂ ಇವೆ. ವಿದ್ಯಾರ್ಥಿಗಳು ಅತ್ತ ತಿರುಗಬಹುದು. ಆದರೆ ಎಲ್ಲರೂ ಉಚಿತವಾಗಿ ಬಳಸಬಹುದಾಗಿದ್ದ ದತ್ತಾಂಶ ನಿಂತರೆ ಅದರ ಜಾಗವನ್ನು ಹಣಕ್ಕೆ ಮಾಹಿತಿ ಮಾರುವ ಖಾಸಗಿ ಸಂಸ್ಥೆಗಳು ತುಂಬುತ್ತವೆ. ಪ್ರತಿವರ್ಷ ಪತ್ರಿಕೆಗಳಲ್ಲಿ ಸುದ್ದಿಯಾಗುವ ಜಾಗತಿಕ ಭಯೋತ್ಪಾದನಾ ಸೂಚ್ಯಂಕ ಕೆಲ ವರ್ಷಗಳ ಹಿಂದೆಯೇ ಮೇರಿಲ್ಯಾಂಡ್ ಸಂಗ್ರಹವನ್ನು ಬಿಟ್ಟು ಅಂತಹ ಖಾಸಗಿ ಆಕರಕ್ಕೆ ಹೊರಳಿದೆ. ಪಿಂಕರ್ಟನ್ ಕಾರ್ಡುಗಳ ಕಾಲಕ್ಕೆ ಒಂದು ಸುತ್ತು ತಿರುಗಿ ಬಂದಂತೆ.

ಭಾರತದ ಕುರಿತು ಸಂಶೋಧಕರು ಹೆಚ್ಚಾಗಿ ನೆಚ್ಚುವ ದಕ್ಷಿಣ ಏಷ್ಯಾ ಭಯೋತ್ಪಾದನಾ ಪೋರ್ಟಲ್ ಕೂಡ ಸರ್ಕಾರದ್ದಲ್ಲ. ಪಂಜಾಬ್ ಪೊಲೀಸ್ ಮಹಾನಿರ್ದೇಶಕರಾಗಿದ್ದ ಕೆ.ಪಿ.ಎಸ್. ಗಿಲ್ ಸ್ಥಾಪಿಸಿದ ದೆಹಲಿಯ ಸರ್ಕಾರೇತರ ಸಂಸ್ಥೆಯೊಂದು ಪತ್ರಿಕಾ ವರದಿಗಳನ್ನು ಆಧರಿಸಿ ಅದನ್ನು ನಡೆಸುತ್ತಿದೆ. ಗೃಹ ಸಚಿವಾಲಯದ ಅಧೀನದಲ್ಲಿರುವ ರಕ್ಷಾ ವಿಶ್ವವಿದ್ಯಾಲಯಕ್ಕೆ ಇಲ್ಲೊಂದು ಅವಕಾಶವಿದೆ: ಸೇಜ್‌ಮನ್ ಹೇಳಿದ ಮುಚ್ಚಿದ ಬಾಗಿಲಿನ ಎರಡೂ ಬದಿ ಅದಕ್ಕೆ ಸಮೀಪ. ಆದರೆ ಸಚಿವಾಲಯಕ್ಕೆ ಉತ್ತರದಾಯಿಯಾದ ಸಂಸ್ಥೆ, ಸಚಿವಾಲಯಕ್ಕೆ ಇಷ್ಟವಾಗದ ಲೆಕ್ಕವನ್ನು ಪ್ರಕಟಿಸೀತೇ ಎಂಬ ಅನುಮಾನ ಸಹಜ. ಮೇರಿಲ್ಯಾಂಡ್‌ನ ಅನುಭವ ಆ ಅನುಮಾನವನ್ನು ದೂರ ಮಾಡುವಂತಹುದಲ್ಲ.

ಕರ್ನಾಟಕದ ಮಟ್ಟಿಗೆ ಇನ್ನೊಂದು ಮಾತಿದೆ. 2008ರ ಜುಲೈ 25ರ ಬೆಂಗಳೂರಿನ ಸರಣಿ ಸ್ಫೋಟ, 2010ರ ಚಿನ್ನಸ್ವಾಮಿ ಕ್ರೀಡಾಂಗಣದ ಸ್ಫೋಟ, 2022ರ ನವೆಂಬರ್‌ನಲ್ಲಿ ಮಂಗಳೂರಿನ ಆಟೊದಲ್ಲಿ ಸಿಡಿದ ಕುಕ್ಕರ್ ಬಾಂಬ್, 2024ರ ಮಾರ್ಚ್ 1ರ ರಾಮೇಶ್ವರಂ ಕೆಫೆ ಸ್ಫೋಟ ಇವೆಲ್ಲವೂ ಜಾಗತಿಕ ಪಟ್ಟಿಯೊಂದರಲ್ಲಿ ತಲಾ ಒಂದೆರಡು ಸಾಲು ಹಿಡಿಯಬಹುದಾದ ಘಟನೆಗಳು. ಅವುಗಳ ಹಿಂದೆ ಎಫ್‌ಐಆರ್, ಮಹಜರು, ಸಾಕ್ಷಿಗಳ ಹೇಳಿಕೆಗಳ ಕಟ್ಟುಗಟ್ಟಲೆ ಕಾಗದವಿದೆ, ಮತ್ತು ಠಾಣೆಯ ಹಂತದ ಬರವಣಿಗೆ ನಮ್ಮಲ್ಲಿ ಹೆಚ್ಚಾಗಿ ನಡೆಯುವುದು ಕನ್ನಡದಲ್ಲಿ. ವಿಚಾರಣೆ ಮುಗಿದ ಪ್ರಕರಣಗಳ ದಾಖಲೆಗಳ ಪ್ರಮಾಣಿತ ಪ್ರತಿಗಳನ್ನು ನ್ಯಾಯಾಲಯದಿಂದ ಪಡೆಯಲು ನಿಯಮಗಳಲ್ಲಿ ದಾರಿಯಿದೆ. ಆ ಕಡತಗಳನ್ನು ಬಿಚ್ಚಿ ಓದಲು ಮೇರಿಲ್ಯಾಂಡ್‌ನವರಾಗಲಿ ಸೇಂಟ್ ಆಂಡ್ರ್ಯೂಸ್‌ನವರಾಗಲಿ ಬರಲಾರರು. ಶಿವಮೊಗ್ಗದ ತರಗತಿಯಲ್ಲಿ ಕುಳಿತವರಿಗೆ ಅನುವಾದಕರ ಅಗತ್ಯವೂ ಇಲ್ಲ.